ರಾಜೀನಾಮೆ ತನಕ ಬ್ರೇಕಿಂಗ್ ನ್ಯೂಸ್, ಆಮೇಲೆ ಸದ್ದೇ ಇಲ್ಲ. ಯಾಕೆ?

ಪ್ರಶ್ನೆ: ನಾನು ಸಂಡೂರು ತಾಲ್ಲೂಕಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಗಣಿ ಲಾರಿಗಳು ಎಬ್ಬಿಸುತ್ತಿದ್ದ ಕೆಂಪು ಧೂಳಿನಲ್ಲೇ ಪಾಠ ಮಾಡಿದವನು. 2011ರಲ್ಲಿ ಲೋಕಾಯುಕ್ತ ವರದಿ ಬಂದಾಗ ಪೇಪರ್ ಕಟಿಂಗ್‌ಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿ ಇಟ್ಟಿದ್ದೆ. ಮೊನ್ನೆ ತೆಗೆದು ನೋಡಿದೆ. ಆ ಜುಲೈ, ಆಗಸ್ಟ್‌ನಲ್ಲಿ ದಿನಕ್ಕೆ ನಾಲ್ಕೈದು ಕಟಿಂಗ್ ಇವೆ. ವರ್ಷ ಕಳೆಯುವಷ್ಟರಲ್ಲಿ ಹಾಳೆಗಳು ಖಾಲಿ. ಆಮೇಲೆ ಬಂದ ಹಗರಣಗಳದ್ದೂ ಇದೇ ಕಥೆ. ಇಪ್ಪತ್ತು ದಿನ ಟಿವಿಯಲ್ಲಿ ಕೂಗಾಟ, ಆಮೇಲೆ ಸದ್ದಿಲ್ಲ. ನನ್ನ ಮಗ ಹೇಳುತ್ತಾನೆ, "ಎಲ್ಲರಿಗೂ ಕವರ್ ಹೋಗಿರುತ್ತೆ ಅಪ್ಪಾ, ಸುಮ್ನೆ ಪೇಪರ್ ನಿಲ್ಲಿಸು." ಅವನು ನಂಬುವುದು ವಾಟ್ಸ್ಆ್ಯಪ್‌ನಲ್ಲಿ ಬರುವ ಕ್ಲಿಪ್‌ಗಳನ್ನು. ಪತ್ರಿಕೆಗಳು ನಿಜವಾಗಿಯೂ ಮಾರಿಕೊಂಡಿವೆಯೇ? ಒಂದು ಹಗರಣದಲ್ಲಿ ಎಷ್ಟು ನಿಜ ಇದೆ ಅಂತ ನಮ್ಮಂಥವರು ತಿಳಿಯೋದು ಹೇಗೆ? ಪೇಪರ್ ನಿಲ್ಲಿಸಿಬಿಡಲೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಅನುಮಾನ ಒಂದಕ್ಕೊಂದು ಸುತ್ತಿಕೊಂಡಿವೆ. ದುಡ್ಡು ಕೈ ಬದಲಾಗಿದ್ದಕ್ಕೇ ಸುದ್ದಿ ನಿಂತಿತಾ ಅನ್ನೋದು ಒಂದು. ಸುದ್ದಿ ನಿಂತಿತು ಅಂದರೆ ವಿಷಯವೇ ಮುಚ್ಚಿಹೋಯಿತಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಸ್ವಲ್ಪ ಮಟ್ಟಿಗೆ ಹೌದು, ಆದರೆ ನಿಮ್ಮ ಮಗ ಅಂದುಕೊಂಡ ರೀತಿಯಲ್ಲಿ ಅಲ್ಲ. ಎರಡನೆಯದಕ್ಕೆ: ಇಲ್ಲ.

ವಿಧಾನಸೌಧ, ಕೋರ್ಟು ಎರಡೂ ಬೀಟ್ ಮಾಡಿ, ಆಮೇಲೆ ವರ್ಷಗಟ್ಟಲೆ ಡೆಸ್ಕಿನಲ್ಲಿ ಕೂತವನು ನಾನು. ಹಗರಣ ಅಂತ ಬಂದಾಗ ನಮ್ಮವರ ಕಣ್ಣೆಲ್ಲ ಖುರ್ಚಿಯ ಮೇಲೆ ಇರುತ್ತೆ. ಖುರ್ಚಿ ಅಲ್ಲಾಡುತ್ತಿರುವಷ್ಟು ದಿನ ಮುಖಪುಟ. ಮುಂದೆ ಯಾರು ಕೂರುತ್ತಾರೆ ಅಂತ ತೀರ್ಮಾನವಾದ ಮೇಲೆ ಒಳಪುಟ. ಆಮೇಲೆ ಅದೂ ಇಲ್ಲ. ಹಗರಣ ಮಾತ್ರ ಅಲ್ಲೇ ಇರುತ್ತೆ, ಯಾವುದೋ ಕೋರ್ಟಿನ ಕಪಾಟಿನಲ್ಲಿ, ನಂಬರ್ ಹಾಕಿಸಿಕೊಂಡು.

ನಿಮ್ಮ ಗಣಿ ವಿಷಯವನ್ನೇ ತಗೊಳ್ಳಿ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಂತಿಮ ವರದಿ ಕೊಟ್ಟಿದ್ದು 2011ರ ಜುಲೈ 27ಕ್ಕೆ. 2006ರಿಂದ 2010ರವರೆಗೆ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಅದರಲ್ಲಿ ಅಂದಾಜು ಮಾಡಲಾಗಿತ್ತು. ವರದಿ ಅಧಿಕೃತವಾಗಿ ಸಲ್ಲಿಕೆಯಾಗುವ ಮೊದಲೇ ಸೋರಿ ಟಿವಿಗಳಲ್ಲಿ ಓಡುತ್ತಿತ್ತು. ಜುಲೈ 31ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ನಾಲ್ಕು ದಿನದ ಕಟಿಂಗ್‌ಗಳನ್ನು ಇನ್ನೊಮ್ಮೆ ಓದಿ. ಯಾರ ಮನೆ ಮುಂದೆ ಎಷ್ಟು ಶಾಸಕರು ಸೇರಿದರು, ದೆಹಲಿಯಿಂದ ಯಾರು ಬಂದರು, ಮುಂದಿನ ಮುಖ್ಯಮಂತ್ರಿ ಯಾರು, ಇದೇ ಜಾಸ್ತಿ ಇರುತ್ತೆ. ಅದೇ ವಾರ, ಜುಲೈ 29ಕ್ಕೆ, ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು. ನಿಮ್ಮ ಊರಿನ ದಾರಿಯಲ್ಲಿ ಲಾರಿ ನಿಂತಿದ್ದು ರಾಜೀನಾಮೆಯಿಂದ ಅಲ್ಲ, ಈ ಆದೇಶದಿಂದ. ಇದರ ಹಿಂದೆ ಇದ್ದದ್ದು 2009ರಲ್ಲಿ ಸಲ್ಲಿಸಿದ್ದ ಒಂದು ಅರ್ಜಿ. ಸಲ್ಲಿಸಿದ್ದು ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಎರಡು ವರ್ಷ ಆ ಅರ್ಜಿಯ ಹಿಂದೆ ಓಡಾಡಿದ ಟಿವಿ ಕ್ಯಾಮೆರಾಗಳು ಎಷ್ಟು? ಬೆರಳೆಣಿಕೆ.

ಆಮೇಲಾದರೂ ಏನಾಯಿತು ನೋಡಿ. 2012ರ ಮಾರ್ಚ್‌ನಲ್ಲಿ ಯಡಿಯೂರಪ್ಪನವರ ಮೇಲಿನ ಎಫ್‌ಐಆರ್ ಅನ್ನು ಹೈಕೋರ್ಟ್ ರದ್ದು ಮಾಡಿತು. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಹೇಳಿತು. 2016ರ ಅಕ್ಟೋಬರ್‌ನಲ್ಲಿ, 40 ಕೋಟಿ ರೂಪಾಯಿ ಲಂಚದ ಆ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಜನಾರ್ದನ ರೆಡ್ಡಿಯವರನ್ನು ಸಿಬಿಐ ಬಂಧಿಸಿದ್ದು 2011ರ ಸೆಪ್ಟೆಂಬರ್‌ನಲ್ಲಿ. ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಕೋರ್ಟು ಅವರಿಗೆ ಏಳು ವರ್ಷ ಶಿಕ್ಷೆ ಕೊಟ್ಟಿದ್ದು 2025ರ ಮೇ ತಿಂಗಳಲ್ಲಿ. ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರು ಮಾಯವಾಗಿತ್ತಲ್ಲ, ಆ ಪ್ರಕರಣದಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ ಶಿಕ್ಷೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಅದನ್ನೂ ಹೈಕೋರ್ಟ್ ಅಮಾನತಿನಲ್ಲಿಟ್ಟಿದೆ.

ಇವೆಲ್ಲ ಆಯಾ ದಿನ ಪೇಪರಿನಲ್ಲಿ ದೊಡ್ಡದಾಗಿಯೇ ಬಂದವು. ಖಾಲಿ ಇರುವುದು ನಡುವಿನ ವರ್ಷಗಳು. ಹಾಗಾಗಿ ತೀರ್ಪು ಬಂದ ದಿನ ಓದುಗರಿಗೆ ತಲೆಬುಡ ಗೊತ್ತಾಗುವುದಿಲ್ಲ. ಖುಲಾಸೆ ಆದರೆ "ಎಲ್ಲ ಸುಳ್ಳು ಆರೋಪ ಆಗಿತ್ತು" ಅಂತ ಒಂದು ಕಡೆಯವರು. "ಎಲ್ಲ ಮ್ಯಾನೇಜ್ ಮಾಡಿದರು" ಅಂತ ಇನ್ನೊಂದು ಕಡೆಯವರು. ಎರಡೂ ಅಲ್ಲದೆ, ಯಾವ ಸಾಕ್ಷಿ ನಿಲ್ಲಲಿಲ್ಲ, ಯಾಕೆ ನಿಲ್ಲಲಿಲ್ಲ ಅಂತ ಬರೆಯಬೇಕಾದವನು ಆ ಕೋರ್ಟಿಗೆ ಹೋಗಿಯೇ ಇರುವುದಿಲ್ಲ.

ಯಾಕೆ ಹೋಗಿರುವುದಿಲ್ಲ? ವಿಶೇಷ ನ್ಯಾಯಾಲಯದ ಒಂದು ದಿನ ಹೇಗಿರುತ್ತೆ ಹೇಳುತ್ತೇನೆ. ಬೆಳಗ್ಗೆ ಹನ್ನೊಂದು ದಾಟಿದ ಮೇಲೆ ಕೇಸ್ ಕರೆಯುತ್ತಾರೆ. ಸಾಕ್ಷಿ ಬಂದಿರುವುದಿಲ್ಲ. ಆರೋಪಿ ಪರ ವಕೀಲರು ಎದ್ದು, ತಮ್ಮ ಕಕ್ಷಿದಾರರಿಗೆ ಇವತ್ತು ಹಾಜರಾತಿಯಿಂದ ವಿನಾಯಿತಿ ಬೇಕು ಅಂತ ಅರ್ಜಿ ಕೊಡುತ್ತಾರೆ. ಸರ್ಕಾರಿ ವಕೀಲರು ಆಕ್ಷೇಪಣೆ ಹಾಕಲು ಕಾಲಾವಕಾಶ ಕೇಳುತ್ತಾರೆ. ಮುಂದಿನ ಮುದ್ದತ್ತು ಐದಾರು ವಾರ ಬಿಟ್ಟು. ಒಟ್ಟು ವ್ಯವಹಾರ ಎರಡು ನಿಮಿಷ. ವರದಿಗಾರ ಅರ್ಧ ದಿನ ಕಳೆದು ತಂದ ಸುದ್ದಿ, "ವಿಚಾರಣೆ ಮುಂದಕ್ಕೆ". ಸಂಜೆ ಡೆಸ್ಕಿನಲ್ಲಿ ಅದನ್ನು ಸಿಂಗಲ್ ಕಾಲಂಗೆ ಇಳಿಸುತ್ತಾರೆ. ರಾತ್ರಿ ಒಂದು ಜಾಹೀರಾತು ಬಂತು ಅನ್ನಿ, ಪುಟದಿಂದ ಮೊದಲು ಹಾರುವುದು ಅದೇ. ಟಿವಿಯವರ ಕಷ್ಟ ಇನ್ನೂ ಜಾಸ್ತಿ. ವಿಚಾರಣಾ ಕೋರ್ಟಿನ ಒಳಗೆ ಅವರ ಕ್ಯಾಮೆರಾ ಹೋಗುವ ಹಾಗಿಲ್ಲ. ಚಿತ್ರ ಇಲ್ಲದೆ ಅವರಿಗೆ ಸುದ್ದಿ ಇಲ್ಲ. ರಾಜಭವನದ ಗೇಟು, ರೆಸಾರ್ಟಿನ ಬಸ್ಸು, ಕಾರಿನ ಗಾಜು ಇಳಿಸಿ ಕೈ ಮುಗಿಯುವ ನಾಯಕ, ಇವಿದ್ದರೆ ದಿನವಿಡೀ ಓಡುತ್ತೆ. ಚಾರ್ಜ್‌ಶೀಟ್ ಸಾವಿರಾರು ಪುಟ. ಅದನ್ನು ಕೂತು ಓದಲು ಒಬ್ಬನನ್ನು ಒಂದು ವಾರ ಬಿಟ್ಟುಕೊಡುವ ಸಂಸ್ಥೆ ಕನ್ನಡದಲ್ಲಿ ಕಡಿಮೆ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಸೋಮಾರಿತನ, ಜನರ ಕೊರತೆ, ನಾಳೆಯ ಸುದ್ದಿಯ ಧಾವಂತ, ಅಷ್ಟೇ.

"ವಿಷಯ ಕೋರ್ಟಿನಲ್ಲಿದೆ, ಬರೆಯುವ ಹಾಗಿಲ್ಲ" ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ರಾಜಕಾರಣಿಗಳೂ ಹೇಳುತ್ತಾರೆ, ನಮ್ಮವರೂ ಹೇಳುತ್ತಾರೆ. ಇದು ಬರೀ ನೆಪ. ಕೋರ್ಟಿನಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡಿದರೆ ನ್ಯಾಯಾಂಗ ನಿಂದನೆ ಆಗುವುದಿಲ್ಲ ಅಂತ 1971ರ ಕಾಯ್ದೆಯಲ್ಲೇ ಇದೆ.

ಸುದ್ದಿ ನಿಲ್ಲುವುದಕ್ಕೆ ಕಾನೂನಿನ ಒಳಗೇ ಇರುವ ಕಾರಣಗಳೂ ಇವೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ 17ಎ ಅನ್ನುವ ಕಲಂ ಸೇರಿಸಿದರು. ಅಧಿಕಾರದಲ್ಲಿರುವಾಗ ಮಾಡಿದ ತೀರ್ಮಾನದ ಬಗ್ಗೆ ತನಿಖೆ ಶುರು ಮಾಡಬೇಕಾದರೂ ಮೊದಲೇ ಅನುಮತಿ ಬೇಕು ಅನ್ನುತ್ತೆ ಅದು. 2024ರ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಪ್ರಕರಣದಲ್ಲಿ ನೀವೇ ನೋಡಿದಿರಿ. ಆಗಸ್ಟ್‌ನಲ್ಲಿ ರಾಜ್ಯಪಾಲರು ಅನುಮತಿ ಕೊಟ್ಟರು. ಅದನ್ನು ಪ್ರಶ್ನಿಸಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 24ಕ್ಕೆ ಹೈಕೋರ್ಟ್ ಅನುಮತಿಯನ್ನು ಎತ್ತಿ ಹಿಡಿಯಿತು. ಆ ಐದಾರು ವಾರ ರಾಜ್ಯದ ಚರ್ಚೆಯೆಲ್ಲ ಸಿದ್ದರಾಮಯ್ಯ ಉಳಿಯುತ್ತಾರಾ ಇಳಿಯುತ್ತಾರಾ ಅನ್ನುವುದರ ಮೇಲೆ. ಮೈಸೂರಿನಲ್ಲಿ ಅವರ ಪತ್ನಿಗೆ 14 ಸೈಟುಗಳನ್ನು ಯಾವ ನಿಯಮದಡಿ ಹಂಚಿದರು, ಆ ನಿಯಮದಡಿ ಬೇರೆ ಯಾರಿಗೆಲ್ಲ ಸಿಕ್ಕಿದೆ ಅನ್ನುವ ಪ್ರಶ್ನೆ ಹಿಂದಕ್ಕೆ ಸರಿಯಿತು. ಅದರಲ್ಲೇ ಇದ್ದದ್ದು ನಿಜವಾದ ಕಥೆ. 2025ರ ಫೆಬ್ರುವರಿಯಲ್ಲಿ ಲೋಕಾಯುಕ್ತ ಪೊಲೀಸರು ಮುಖ್ಯಮಂತ್ರಿ ಮತ್ತು ಅವರ ಪತ್ನಿ ವಿರುದ್ಧ ಸಾಕ್ಷ್ಯ ಇಲ್ಲ ಅಂತ ಬಿ ರಿಪೋರ್ಟ್ ಹಾಕಿದರು. ಬಿ ರಿಪೋರ್ಟ್ ಅಂದಕೂಡಲೇ ಜನ ಕೇಸ್ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಪೊಲೀಸರ ಅಭಿಪ್ರಾಯ. ಕೋರ್ಟು ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು, ಇನ್ನಷ್ಟು ತನಿಖೆ ಮಾಡಿ ಅನ್ನಬಹುದು. ದೂರುದಾರರು ಆಕ್ಷೇಪಣೆ ಸಲ್ಲಿಸಬಹುದು.

ಇನ್ನು, ತನಿಖೆ ಮಾಡುವ ಸಂಸ್ಥೆಯೇ ಬದಲಾಗುವುದುಂಟು. 2016ರ ಮಾರ್ಚ್‌ನಲ್ಲಿ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಕಟ್ಟಿ, ಲೋಕಾಯುಕ್ತ ಪೊಲೀಸರ ಕೈಯಿಂದ ಭ್ರಷ್ಟಾಚಾರ ಪ್ರಕರಣಗಳನ್ನು ಕಿತ್ತುಕೊಂಡಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು. ಫೈಲುಗಳೆಲ್ಲ ಮತ್ತೆ ಲೋಕಾಯುಕ್ತಕ್ಕೆ. ಒಂದು ಫೈಲು ಹೀಗೆ ಓಡಾಡುವಾಗ ತನಿಖಾಧಿಕಾರಿ ಬದಲಾಗುತ್ತಾನೆ, ವರದಿಗಾರನಿಗೆ ಗೊತ್ತಿದ್ದ ಇನ್‌ಸ್ಪೆಕ್ಟರ್ ಬೇರೆಲ್ಲೋ ಇರುತ್ತಾನೆ. ಫಾಲೋ ಅಪ್ ಅಲ್ಲಿಗೆ ಸತ್ತುಹೋಗುತ್ತೆ.

ಓದುಗರಿಗೆ ಅಷ್ಟಾಗಿ ಕಾಣದ ಇನ್ನೊಂದು ಕಾರಣ ಇದೆ. ಸಿವಿಲ್ ಕೋರ್ಟಿನ ತಡೆಯಾಜ್ಞೆ. ನಮ್ಮ ರಾಜ್ಯದಲ್ಲಿ ಇದು ಈಗ ಮಾಮೂಲಾಗಿದೆ. 2019ರ ಲೋಕಸಭೆ ಚುನಾವಣೆಯ ಹೊತ್ತಿಗೆ ಬೆಂಗಳೂರು ದಕ್ಷಿಣದ ಬಿಜೆಪಿ ಅಭ್ಯರ್ಥಿ ತೇಜಸ್ವಿ ಸೂರ್ಯ 49 ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ತಂದಿದ್ದರು. ಹೈಕೋರ್ಟ್ ಅದನ್ನು ತೆರವು ಮಾಡಿತು. 2021ರ ಮಾರ್ಚ್‌ನಲ್ಲಿ ಮಂತ್ರಿಯೊಬ್ಬರ ಅಶ್ಲೀಲ ಸಿಡಿ ಪ್ರಕರಣ ಬಂದಾಗ, ಹೆಸರೇ ಬರದಿದ್ದ ಆರು ಮಂತ್ರಿಗಳು ಮುಂಚಿತವಾಗಿಯೇ ಕೋರ್ಟಿಗೆ ಹೋಗಿ, ತಮ್ಮ ಬಗ್ಗೆ ಮಾನಹಾನಿಕರ ಸುದ್ದಿ ಹಾಕದಂತೆ ಅರವತ್ತಕ್ಕೂ ಹೆಚ್ಚು ಮಾಧ್ಯಮಗಳ ಮೇಲೆ ಆದೇಶ ತಂದರು. ಇಂಥ ಆದೇಶ ಬಹಳ ಸಲ ಎದುರು ಪಕ್ಷವನ್ನು ಕೇಳದೆಯೇ ಆಗುತ್ತೆ. ತೆರವು ಮಾಡಿಸಲು ವಕೀಲರ ಖರ್ಚು, ಓಡಾಟ. ಸಣ್ಣ ಪತ್ರಿಕೆ "ಈ ಉಸಾಬರಿಯೇ ಬೇಡ" ಅಂತ ಸುಮ್ಮನಾಗುತ್ತೆ. ಪ್ರಕಟಣೆಗೆ ಮುಂಚೆಯೇ ತಡೆ ಕೊಡುವಾಗ ಬಹಳ ಎಚ್ಚರ ಇರಲಿ ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಹೇಳಿದೆ. ಆದರೂ ನಿಮ್ಮ ಪೇಪರಿನಲ್ಲಿ ಒಂದು ಹೆಸರು ಇದ್ದಕ್ಕಿದ್ದ ಹಾಗೆ "ಪ್ರಭಾವಿ ನಾಯಕರೊಬ್ಬರು" ಅಂತಾದರೆ, ಕವರ್‌ಗಿಂತ ಮೊದಲು ತಡೆಯಾಜ್ಞೆಯನ್ನು ಅನುಮಾನಿಸಿ.

ಸದನದ ಕಡೆಯಿಂದಲೂ ಒತ್ತಡ ಇದೆ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯ ಒಳಗೆ ಮಂತ್ರಿಗಳು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದನ್ನು ಟಿವಿ ಕ್ಯಾಮೆರಾ ಹಿಡಿಯಿತು. ಮಾರನೇ ದಿನವೇ ಮೂವರು ಮಂತ್ರಿಗಳ ರಾಜೀನಾಮೆ. 2017ರಲ್ಲಿ ಶಾಸಕರ ಹಕ್ಕುಚ್ಯುತಿ ಅಂತ ಇಬ್ಬರು ಪತ್ರಿಕಾ ಸಂಪಾದಕರಿಗೆ ವಿಧಾನಸಭೆಯೇ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. 2019ರ ಅಕ್ಟೋಬರ್‌ನಲ್ಲಿ ಖಾಸಗಿ ಚಾನೆಲ್‌ಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ಒಂದಕ್ಕೆ ಪ್ರತೀಕಾರವಾಗಿ ಇನ್ನೊಂದು ಅಂತ ನಾನು ಹೇಳುತ್ತಿಲ್ಲ. ಆದರೆ ಈಗ ಸದನದಲ್ಲಿ ಏನು ಕಾಣಬೇಕು ಅಂತ ತೀರ್ಮಾನ ಮಾಡುವವರು ಸದನದವರೇ.

ಈಗ ಕವರ್ ವಿಷಯಕ್ಕೆ ಬರೋಣ. ಅದು ಇಲ್ಲವೇ ಇಲ್ಲ ಅಂದರೆ ನೀವು ನಗುತ್ತೀರಿ. ಇದೆ. ಆದರೆ ಕವರ್‌ನಿಂದ ಒಂದು ದಿನದ ಒಂದು ಸುದ್ದಿ ಹಿಗ್ಗಬಹುದು, ಕುಗ್ಗಬಹುದು. ಒಬ್ಬರ ಮೇಲೊಬ್ಬರು ಬಿದ್ದು ಪೈಪೋಟಿ ಮಾಡುವ ಅಷ್ಟೊಂದು ಪತ್ರಿಕೆ, ಚಾನೆಲ್‌ಗಳನ್ನು ಒಂದೇ ಸಲ ಸುಮ್ಮನಾಗಿಸುವುದು ಅದರಿಂದ ಆಗದ ಕೆಲಸ. ದೊಡ್ಡ ದುಡ್ಡು ಇನ್ನೂ ಮೇಲೆ, ಕಾನೂನುಬದ್ಧವಾಗಿಯೇ ಹರಿಯುತ್ತೆ. ಸರ್ಕಾರದ ಜಾಹೀರಾತು ಒಂದು. ಜಿಲ್ಲಾ ಮಟ್ಟದ ಪತ್ರಿಕೆಗೆ ಅದೇ ಅನ್ನ. ಮಾಲೀಕತ್ವ ಇನ್ನೊಂದು. ಗಣಿ ಗದ್ದಲದ ಆ ವರ್ಷಗಳಲ್ಲಿ ಕಸ್ತೂರಿ ಚಾನೆಲ್ ಕುಮಾರಸ್ವಾಮಿ ಕುಟುಂಬದ್ದು. ಜನಶ್ರೀ ರೆಡ್ಡಿ ಬಳಗದ್ದು. ಸುವರ್ಣ ಆಗ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅವರ ಸಂಸ್ಥೆಯದ್ದು. ಯಾವ ಚಾನೆಲ್ ಯಾರ ಹಗರಣವನ್ನು ಎಷ್ಟು ಹೊತ್ತು ಓಡಿಸುತ್ತೆ ಅನ್ನುವುದಕ್ಕೆ ಅಲ್ಲಿ ಕವರ್ ಬೇಕಾಗಿರಲಿಲ್ಲ. ದುಡ್ಡು ಕೊಟ್ಟು ಸುದ್ದಿ ಹಾಕಿಸುವ ಚಾಳಿ 2009ರ ಚುನಾವಣೆಯಲ್ಲಿ ಎಷ್ಟು ಬೆಳೆದಿತ್ತು ಅಂದರೆ, ಪ್ರೆಸ್ ಕೌನ್ಸಿಲ್ಲೇ ಉಪಸಮಿತಿ ಮಾಡಿ ವರದಿ ತರಿಸಬೇಕಾಯಿತು. ಆ ಪೂರ್ತಿ ವರದಿಯನ್ನು ಕೌನ್ಸಿಲ್ ಮೊದಲಿಗೆ ಹೊರಗೆ ಬಿಡಲಿಲ್ಲ. ಪತ್ರಿಕೆಗಳ ಹೆಸರು ಅದರಲ್ಲಿದ್ದವಲ್ಲ!

ಜಾಹೀರಾತೇ ಇಲ್ಲದೆ ನಡೆದ ಲಂಕೇಶ್ ಪತ್ರಿಕೆ ಗುಂಡೂರಾವ್ ಸರ್ಕಾರವನ್ನು ವಾರವಾರ ಹೇಗೆ ಕುಟುಕುತ್ತಿತ್ತು ಅನ್ನುವುದು ನಿಮ್ಮ ವಯಸ್ಸಿನವರಿಗೆ ನೆನಪಿರುತ್ತೆ. ಆ ಪತ್ರಿಕೆಯ ಖರ್ಚು ಹೊತ್ತಿದ್ದು ಕೊಂಡು ಓದಿದವರು. ಪುಕ್ಕಟೆ ಸಿಗುವ ಸುದ್ದಿಗೆ ದುಡ್ಡು ಬೇರೆ ಯಾರೋ ಕೊಟ್ಟಿರುತ್ತಾರೆ ಅನ್ನುವುದನ್ನು ನಿಮ್ಮ ಮಗನಿಗೂ ಒಮ್ಮೆ ಹೇಳಿ.

ನಿಜ ಎಷ್ಟು ಅಂತ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಮೊದಲು ನೋಡುವುದು ಸುದ್ದಿಯಲ್ಲಿ ಕಾಗದ ಇದೆಯೋ, ಬರೀ "ಮೂಲಗಳು" ಇವೆಯೋ ಅಂತ. ಆದೇಶದ ಸಂಖ್ಯೆ, ದಿನಾಂಕ, ಸರ್ವೆ ನಂಬರ್, ಎಫ್‌ಐಆರ್ ನಂಬರ್ ಕೊಟ್ಟು ಬರೆದ ಸುದ್ದಿ ಒಂದು ಜಾತಿ. "ಮೂಲಗಳ ಪ್ರಕಾರ ಹೈಕಮಾಂಡ್ ಗರಂ" ಅನ್ನುವುದು ಬೇರೆ ಜಾತಿ. ಎರಡನೆಯದನ್ನು ಓದಿ, ಮರೆತುಬಿಡಿ.

ಕಾಗದ ಇದ್ದರೂ ಅದು ಹೇಗೆ ಹೊರಗೆ ಬಂತು ಅಂತ ಯೋಚಿಸಬೇಕು. ನನ್ನ ಅನುಭವದಲ್ಲಿ ಹಗರಣದ ಕಾಗದ ವಿರೋಧ ಪಕ್ಷದಿಂದ ಬಂದದ್ದಕ್ಕಿಂತ ಸ್ವಂತ ಪಕ್ಷದ ಎದುರಾಳಿಯಿಂದ, ಇಲ್ಲವೇ ಎತ್ತಂಗಡಿಯಾದ ಅಧಿಕಾರಿಯಿಂದ ಬಂದದ್ದು ಜಾಸ್ತಿ. ಕೊಟ್ಟವನ ಉದ್ದೇಶ ಕೆಟ್ಟದ್ದಾಗಿದ್ದ ಮಾತ್ರಕ್ಕೆ ಕಾಗದ ಸುಳ್ಳಾಗುವುದಿಲ್ಲ. ಆದರೆ ಯಾವ ಹಾಳೆ ಕೊಡುತ್ತಾನೆ, ಯಾವುದನ್ನು ಇಟ್ಟುಕೊಳ್ಳುತ್ತಾನೆ ಅನ್ನುವುದು ಆ ಉದ್ದೇಶದ ಮೇಲೆ ನಿಂತಿರುತ್ತೆ. ಸಚಿವಾಲಯದ ಫೈಲಿನಲ್ಲಿ ಟಿಪ್ಪಣಿ ಹಾಳೆ ಅಂತ ಇರುತ್ತೆ. ಕೆಳಗಿನ ಗುಮಾಸ್ತನಿಂದ ಮಂತ್ರಿಯ ತನಕ ಎಲ್ಲರೂ ಅದರಲ್ಲೇ ಬರೆಯುತ್ತಾರೆ. ಕಂಡಿಕೆಗಳಿಗೆ ಒಂದರ ಹಿಂದೆ ಒಂದು ನಂಬರ್. ಕೈಗೆ ಬಂದ ಜೆರಾಕ್ಸ್‌ನಲ್ಲಿ 31ರಿಂದ 38ರ ತನಕ ಇದೆ, ಆಮೇಲೆ ಒಮ್ಮೆಲೇ 45. ನಡುವಿನ ಆರು ಕಂಡಿಕೆ ಎಲ್ಲಿ? ಆರ್ಥಿಕ ಇಲಾಖೆ ಆಕ್ಷೇಪ ಎತ್ತಿದ್ದು ಅಲ್ಲೇ ಇರಬಹುದು. ಮಂತ್ರಿ ಬೇಡ ಅಂದಿದ್ದೂ ಅಲ್ಲೇ ಇರಬಹುದು. ಒಳ್ಳೆ ವರದಿಗಾರ ಆ ಆರನ್ನು ಹುಡುಕಿಕೊಂಡು ಹೋಗುತ್ತಾನೆ. ಅವಸರದವನು ಅಂದೇ ಸಂಜೆ "ಎಕ್ಸ್‌ಕ್ಲೂಸಿವ್" ಅಂತ ಹಾಕುತ್ತಾನೆ. ಓದುವಾಗ ಇದನ್ನು ಪತ್ತೆ ಮಾಡಲು ಒಂದು ಗುರುತು ಇದೆ. ಆರೋಪಿತರ ಉತ್ತರ ಸುದ್ದಿಯಲ್ಲಿ ಇದೆಯಾ, ಇದ್ದರೆ ನಿರ್ದಿಷ್ಟ ಪ್ರಶ್ನೆಗೆ ಕೊಟ್ಟ ಉತ್ತರವಾ ಅಥವಾ ಕೊನೆ ಸಾಲಿನಲ್ಲಿ "ಸಂಪರ್ಕಕ್ಕೆ ಸಿಗಲಿಲ್ಲ" ಅಂತ ಕೈ ತೊಳೆದುಕೊಂಡಿದ್ದಾರಾ ನೋಡಿ.

ಬೊಫೋರ್ಸ್ ಇದಕ್ಕೆ ದೊಡ್ಡ ಪಾಠ. 1986ರಲ್ಲಿ ಸ್ವೀಡನ್ನಿನ ಆ ಕಂಪನಿ ಜೊತೆ ಸರ್ಕಾರದ ಫಿರಂಗಿ ಒಪ್ಪಂದ. 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಒಡೆಯಿತು. ಆಮೇಲೆ ಚಿತ್ರಾ ಸುಬ್ರಮಣಿಯಂ, ಎನ್. ರಾಮ್ ಅವರು 'ದಿ ಹಿಂದೂ'ದಲ್ಲಿ ದಾಖಲೆಗಳನ್ನೇ ಅಚ್ಚು ಮಾಡಿದರು. ಹಣ ಸಂದಾಯವಾದದ್ದು ಆ ಕಾಗದಗಳಿಂದ ಗಟ್ಟಿಯಾಯಿತು, ಯಾರೂ ಅಲ್ಲಗಳೆಯಲು ಆಗಲಿಲ್ಲ. ಆ ದಾಖಲೆ ಕೊಟ್ಟವರು ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್ ಅಂತ ಲೋಕಕ್ಕೆ ಗೊತ್ತಾಗಿದ್ದು 2012ರಲ್ಲಿ, ಅವರೇ ಬಾಯಿ ಬಿಟ್ಟಾಗ. ಆಗ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಲಂಚ ತಗೊಂಡಿದ್ದಕ್ಕೆ ಪುರಾವೆ ಸಿಗಲಿಲ್ಲ, ಆದರೆ ಮುಚ್ಚಿಹಾಕುವುದನ್ನು ರಾಜೀವ್ ನೋಡುತ್ತ ಕೂತರು ಅಂತ ಲಿಂಡ್‌ಸ್ಟ್ರೋಮ್ ಅಂದರು. ಅಮಿತಾಭ್ ಬಚ್ಚನ್ ಹೆಸರನ್ನು ಬೇಕಂತಲೇ ತೂರಿಸಲಾಗಿತ್ತು ಅಂತಲೂ ಹೇಳಿದರು. ಒಂದೇ ಹಗರಣ. ಒಂದು ಭಾಗ ಗಟ್ಟಿ ದಾಖಲೆ, ಇನ್ನೊಂದು ಭಾಗ ತೂರಿಸಿದ ಸುಳ್ಳು. ಓದುಗರಿಗೆ ಅವತ್ತು ಎರಡೂ ಒಂದೇ ಥರ ಕಂಡವು.

ಕ್ಲಿಪ್‌ಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಾಸನದ ಲೈಂಗಿಕ ದೌರ್ಜನ್ಯದ ಪ್ರಕರಣ ನಿಮಗೆ ಗೊತ್ತು. ಆಗ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ 2023ರ ಜೂನ್‌ನಲ್ಲೇ 86 ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದಿದ್ದರು. ಮಾಧ್ಯಮಗಳಲ್ಲಿ ಸುದ್ದಿ ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ಮತದಾನಕ್ಕೆ ಮುಂಚೆ ಆ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದವು, ಹೆಣ್ಣುಮಕ್ಕಳ ಮುಖ ಕೂಡ ಮರೆಮಾಡದೆ. ಒಬ್ಬ ಸಂಪಾದಕ ಕೂತು ಮುಖ ಮಸುಕು ಮಾಡಿ, ಹೆಸರು ತೆಗೆದು, ಪೊಲೀಸರಿಗೆ ಹೇಳಿ ಮಾಡಬೇಕಿದ್ದ ಕೆಲಸವನ್ನು ಬೀದಿ ಮಾಡಿತು. ಅದನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿದವರಿಗೆ ತಾವು ಹಗರಣ ಬಯಲು ಮಾಡುತ್ತಿದ್ದೇವೆ ಅನ್ನುವ ಭಾವನೆ. ನೋವು ತಿಂದದ್ದು ಆ ಹೆಣ್ಣುಮಕ್ಕಳು. 2025ರ ಆಗಸ್ಟ್ 2ಕ್ಕೆ ಒಂದು ಪ್ರಕರಣದಲ್ಲಿ ಪ್ರಜ್ವಲ್ ಅವರಿಗೆ ಜೀವಾವಧಿ ಶಿಕ್ಷೆ ಆಯಿತು. ಅದಕ್ಕೆ ಆಧಾರವಾದದ್ದು ಸಂತ್ರಸ್ತೆ ಧೈರ್ಯವಾಗಿ ಕೋರ್ಟಿನಲ್ಲಿ ನುಡಿದ ಸಾಕ್ಷ್ಯ ಮತ್ತು ಪ್ರಯೋಗಾಲಯದ ವರದಿಗಳು. ಫಾರ್ವರ್ಡ್ ಮಾಡಿದ ಯಾರಿಂದಲೂ ಆ ಕೇಸಿಗೆ ಕಾಸಿನ ಪ್ರಯೋಜನ ಆಗಲಿಲ್ಲ.

ಕಾನೂನಿನ ಅಪಾಯವೂ ಇದೆ. ಲೈಂಗಿಕ ದೃಶ್ಯ ಹಂಚಿದರೆ ಐಟಿ ಕಾಯ್ದೆಯ 67ಎ ಅಡಿ ಮೊದಲ ಸಲಕ್ಕೇ ಐದು ವರ್ಷದ ತನಕ ಜೈಲು. ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅಡಿ ಎರಡು ವರ್ಷದ ತನಕ. ಮಾನನಷ್ಟ 356ನೇ ಕಲಂ. "ನಾನು ಬರೆದಿದ್ದಲ್ಲ, ಬಂದಿದ್ದನ್ನು ಕಳಿಸಿದೆ" ಅನ್ನುವುದು ಇಲ್ಲಿ ನಡೆಯುವ ಮಾತಲ್ಲ. ನಿಮ್ಮ ಮಗನಿಗೆ ಇಷ್ಟನ್ನು ಮಾತ್ರ ಓದಿಸಿ, ಬೇರೆ ವಾದ ಬೇಡ.

ಹಾಗಾದರೆ ನೀವು ಏನು ಮಾಡಬಹುದು? ಎಲ್ಲ ಹಗರಣಗಳ ಹಿಂದೆ ಹೋಗಬೇಡಿ, ತಲೆ ಕೆಡುತ್ತೆ. ಒಂದನ್ನು ಹಿಡಿಯಿರಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಮುಂದಿನ ಮುದ್ದತ್ತು, ಹಿಂದಿನ ಮುದ್ದತ್ತುಗಳಲ್ಲಿ ಏನಾಯಿತು, ಆದೇಶದ ಪ್ರತಿ ಸಿಗುತ್ತೆ. ನಂಬರ್ ಗೊತ್ತಿಲ್ಲದಿದ್ದರೆ ಕಕ್ಷಿದಾರರ ಹೆಸರಿನಿಂದಲೂ ಹುಡುಕಬಹುದು. ತೊಂದರೆ ಏನೆಂದರೆ ಕೆಲವು ಆದೇಶ ತಡವಾಗಿ ಬರುತ್ತವೆ, ಭಾಷೆ ಒಣ ಇಂಗ್ಲಿಷು. "ಶಿಕ್ಷೆ ಅಮಾನತು" ಅಂದರೆ ನಿರ್ದೋಷಿ ಅಂತ ಅಲ್ಲ, "ತಡೆ" ಅಂದರೆ ರದ್ದು ಅಂತ ಅಲ್ಲ. ಇಂಥ ಕಡೆ ಊರಿನ ಯಾರಾದರೂ ವಕೀಲರನ್ನು ಕೇಳಿ.

ಮಾಹಿತಿ ಹಕ್ಕು ಅರ್ಜಿ ಇನ್ನೊಂದು ದಾರಿ. ಶುಲ್ಕ 10 ರೂಪಾಯಿ, ಉತ್ತರ 30 ದಿನದೊಳಗೆ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ತನಿಖೆಯ ಕಾಗದ ಕೇಳಿದರೆ ಆ ಕಾಯ್ದೆಯ 8(1)(ಎಚ್) ಕಲಂ ತೋರಿಸಿ, ತನಿಖೆಗೆ ಅಡ್ಡಿ ಅಂತ ಕೊಡುವುದಿಲ್ಲ ಅನ್ನುತ್ತಾರೆ. ತನಿಖೆ ನಡೀತಿದೆ ಅನ್ನೋದೊಂದೇ ಸಾಲದು, ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಅಂತ ಅವರು ಹೇಳಬೇಕು. ಆದರೆ ಆ ಜಗಳಕ್ಕೆ ವರ್ಷಗಳು ಹಿಡಿಯುತ್ತವೆ. ನಿಮಗೆ ಅದಕ್ಕಿಂತ ಒಳ್ಳೆಯದು ಒಂದಿದೆ. 2013ರಲ್ಲಿ ಸುಪ್ರೀಂ ಕೋರ್ಟ್ ಬಹಳ ಅಕ್ರಮ ಮಾಡಿದ ಸಿ ವರ್ಗದ ಗಣಿ ಗುತ್ತಿಗೆಗಳನ್ನು ರದ್ದು ಮಾಡಿತಲ್ಲ, ಗಣಿ ಬಾಧಿತ ಪ್ರದೇಶಗಳನ್ನು ಸರಿಪಡಿಸಲು ಗಣಿ ಕಂಪನಿಗಳಿಂದ ಸಂಗ್ರಹವಾದ ಹಣ ಇದೆ. ಅದನ್ನು ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅಂತಲೇ ಒಂದಿದೆ. ನಿಮ್ಮ ತಾಲ್ಲೂಕಿನ ಹೆಸರಿನಲ್ಲಿ ಯಾವ ಕಾಮಗಾರಿಗೆ ಎಷ್ಟು ಮಂಜೂರಾಗಿದೆ, ಎಷ್ಟು ಖರ್ಚಾಗಿದೆ ಅಂತ ಕೇಳಿ. ನನ್ನನ್ನು ಕೇಳಿದರೆ ಬಳ್ಳಾರಿ ಗಣಿ ಹಗರಣದ ಇವತ್ತಿನ ಮುಖಪುಟ ಸುದ್ದಿ ಇದೇ. ಸ್ಥಳೀಯವಾಗಿ ಅರ್ಜಿ ಹಾಕುವವರಿಗೆ ಗುತ್ತಿಗೆದಾರರಿಂದ ಕಿರಿಕಿರಿ, ಬೆದರಿಕೆ ಬರುವುದೂ ಉಂಟು. ಒಬ್ಬರೇ ಹಾಕಬೇಡಿ. ಇಬ್ಬರು ಮೂವರು ಸೇರಿ, ಬೇರೆ ಬೇರೆ ಹೆಸರಿನಲ್ಲಿ ಹಾಕಿ.

ಪತ್ರಿಕೆಯಲ್ಲಿ ತಪ್ಪು ಸುದ್ದಿ ಬಂದರೆ ಮೊದಲು ಸಂಪಾದಕರಿಗೆ ಬರೆದು, ಸರಿಹೋಗದಿದ್ದರೆ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅದಕ್ಕೆ ಛೀಮಾರಿ ಹಾಕುವ ಅಧಿಕಾರ ಇದೆ, ದಂಡ ಹಾಕುವ ಅಧಿಕಾರ ಇಲ್ಲ. ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಚಾನೆಲ್‌ಗಳಿಗೆ ಅವರದೇ ಸ್ವಯಂ ನಿಯಂತ್ರಣ ಸಂಸ್ಥೆಗಳಿವೆ. ಗಡುವು ಬಹಳ ಚಿಕ್ಕದು, ಕಾರ್ಯಕ್ರಮ ನೋಡಿದ ವಾರದೊಳಗೇ ಚಾನೆಲ್‌ಗೆ ಬರೆದುಬಿಡಬೇಕು. ದೊಡ್ಡ ಫಲ ನಿರೀಕ್ಷಿಸಬೇಡಿ.

ಪೇಪರ್ ನಿಲ್ಲಿಸಬೇಡಿ. ನಿಲ್ಲಿಸಿದರೆ ಮನೆಯಲ್ಲಿ ಉಳಿಯುವುದು ಮಗನ ಮೊಬೈಲು ಮಾತ್ರ. ಬೇಸರ ತಡೆಯಲು ಆಗದಿದ್ದರೆ ಈಗ ತರಿಸುತ್ತಿರುವುದನ್ನು ಬಿಟ್ಟು ಬೇರೆ ಒಂದನ್ನು ಮೂರು ತಿಂಗಳು ತರಿಸಿ ನೋಡಿ. ರಾತ್ರಿಯ ಟಿವಿ ಚರ್ಚೆ ಬೇಕಾದರೆ ಬಿಡಿ, ಏನೂ ಕಳೆದುಕೊಳ್ಳುವುದಿಲ್ಲ. ಮತ್ತೆ, ಸಂಪಾದಕರಿಗೆ ಬರೆಯಿರಿ. "ಮಾಧ್ಯಮಗಳು ಮಾರಿಕೊಂಡಿವೆ" ಅಂತ ಬರೆದರೆ ಅದು ಓದುಗರ ಓಲೆಯಲ್ಲಿ ಬಂದು ಅಲ್ಲಿಗೆ ಮುಗಿಯುತ್ತೆ. "ಇಂಥ ಕೋರ್ಟಿನಲ್ಲಿ ಇಂಥ ನಂಬರಿನ ಕೇಸು, ಕಳೆದ ಮೂರು ಮುದ್ದತ್ತಿನಲ್ಲೂ ಸಾಕ್ಷಿ ಬಂದಿಲ್ಲ, ಯಾಕೆ ಅಂತ ನಿಮ್ಮ ವರದಿಗಾರರು ಕೇಳಿದ್ದಾರೆಯೇ?" ಅಂತ ಬರೆಯಿರಿ. ಅಂಥ ಪತ್ರ ಡೆಸ್ಕಿಗೆ ಬಂದಾಗ ಕೋರ್ಟ್ ಬೀಟಿನ ಹುಡುಗನನ್ನು ಕರೆದು "ಇದೇನಪ್ಪಾ, ಸ್ವಲ್ಪ ನೋಡು" ಅಂತ ಕಳಿಸಿದ್ದು ಎಷ್ಟೋ ಸಲ ಇದೆ. ಪತ್ರದ ಒಂದು ಪ್ರತಿಯನ್ನು ನಿಮ್ಮ ಜಿಲ್ಲಾ ವರದಿಗಾರರಿಗೂ ಕಳಿಸಿ. ಬೆಂಗಳೂರಿನವರಿಗಿಂತ ಮೊದಲು ಫೋನ್ ಮಾಡುವವರು ಅವರೇ.